ಸೀಟು ಸಿಕ್ಕ ಮೇಲೆ

ಸೆಪ್ಟೆಂಬರ್ ತಿಂಗಳ ಒಂದು ಮಧ್ಯಾಹ್ನ. ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದ ತರಗತಿ. ಪರದೆಯ ಮೇಲೆ ಸ್ಲೈಡುಗಳು ಒಂದರ ಹಿಂದೊಂದು ಸರಿಯುತ್ತಿವೆ. ಮೇಡಂ ಇಂಗ್ಲಿಷಿನಲ್ಲಿ ನಿಲ್ಲದೆ ಮಾತಾಡುತ್ತಿದ್ದಾರೆ. ಮುಂದಿನ ಸಾಲಿನವರು ಆಗಾಗ ಏನನ್ನೋ ಗುರುತು ಹಾಕಿಕೊಳ್ಳುತ್ತಾರೆ, ಒಬ್ಬಿಬ್ಬರು ಮೊಬೈಲ್‌ನಲ್ಲಿ ಪರದೆಯ ಫೋಟೊ ತೆಗೆಯುತ್ತಾರೆ. ಹಿಂದಿನಿಂದ ಎರಡನೇ ಬೆಂಚಿನ ಹುಡುಗ ಮಾತ್ರ ಹೊಸ ಪುಸ್ತಕದಲ್ಲಿ ದಿನಾಂಕ ಬರೆದು, ಪೆನ್ನು ಹಿಡಿದು ಕಾಯುತ್ತಿದ್ದಾನೆ. "ಬರ್ಕೊಳ್ಳಿ" ಎಂಬ ಮಾತಿಗೆ ಅವನು ಕಾಯುತ್ತಿರುವುದು. ಹೈಸ್ಕೂಲಿನಲ್ಲಿ ಆ ಮಾತಿತ್ತು, ಪಿಯುಸಿಯಲ್ಲೂ ಇತ್ತು. ಇಲ್ಲಿ ಅದು ಬರಲೇ ಇಲ್ಲ. ಪಾಠ ಮುಗಿಯುತ್ತದೆ. "ಎನಿ ಡೌಟ್ಸ್?" ಎಂದು ಮೇಡಂ ಕೇಳುತ್ತಾರೆ. ಯಾರೂ ಕೈ ಎತ್ತುವುದಿಲ್ಲ. ಅವರು ಹಾಜರಿ ಹಾಕಿ ಹೊರಡುತ್ತಾರೆ. ಹುಡುಗನ ಪುಟದಲ್ಲಿ ದಿನಾಂಕವೊಂದೇ ಉಳಿದಿದೆ.

ಈ ಹುಡುಗ ದಡ್ಡನಲ್ಲ, ಸೋಮಾರಿಯೂ ಅಲ್ಲ. ಸರ್ಕಾರಿ ಶಾಲೆಯಲ್ಲಿ ಓದಿ, ಸಿಇಟಿ ಬರೆದು, ಮೆರಿಟ್ ಮೇಲೆ ಇಲ್ಲಿಗೆ ಬಂದವನು. ಮೇಷ್ಟ್ರು ಬರೆಸದಿದ್ದರೆ ತಾನೇ ಬರೆದುಕೊಳ್ಳಬೇಕು ಎಂಬುದನ್ನು ಅವನಿಗೆ ಯಾರೂ ಹೇಳಿಲ್ಲ, ಅಷ್ಟೆ. ಇಂಥ ಸಣ್ಣ ಸಣ್ಣ ಸಂಗತಿಗಳ ಮೇಲೇ ಕಾಲೇಜಿನ ಮೊದಲ ಆರು ತಿಂಗಳು ನಿಂತಿರುತ್ತವೆ.

ಹೇಳದೆ ಉಳಿಯುವ ಪಾಠ

ಸೀಟು ಪಡೆಯುವ ವಿದ್ಯೆಯಲ್ಲಿ ಕರ್ನಾಟಕದ ಮನೆಗಳು ಇಂದು ಪಳಗಿವೆ. 1994ರಲ್ಲಿ ಸಿಇಟಿ ಶುರುವಾಗಿ ಮೂರು ದಶಕ ದಾಟಿತು. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿ ಎಂಜಿನಿಯರಿಂಗ್ ರ‍್ಯಾಂಕ್ ಆಗುತ್ತದೆ ಎಂಬುದು ಹಳ್ಳಿಯ ಕಟ್ಟೆಯ ಮೇಲೂ ಗೊತ್ತು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15ರ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲು. ಇವಕ್ಕೆ ಬೇಕಾದ ಪ್ರಮಾಣಪತ್ರವನ್ನು ಯಾವ ಶಾಲೆಯಿಂದ ತಂದು ಯಾರ ಸಹಿ ಹಾಕಿಸಬೇಕು ಎಂಬುದು ಬಿಇಒ ಕಚೇರಿ ಮೆಟ್ಟಿಲು ಹತ್ತಿದ ಪ್ರತಿ ಅಪ್ಪನಿಗೂ ಬಾಯಿಪಾಠ. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಕೊಡುವ ನಾಲ್ಕು ಆಯ್ಕೆಗಳನ್ನು, ಅಂದರೆ ಸಿಕ್ಕ ಸೀಟು ಒಪ್ಪಿ ಸುಮ್ಮನಾಗುವ 'ಚಾಯ್ಸ್ 1', ಒಪ್ಪಿಕೊಂಡೇ ಮುಂದಿನ ಸುತ್ತಿಗೂ ಕಾಯುವ 'ಚಾಯ್ಸ್ 2', ಬಿಟ್ಟು ಮುಂದಿನ ಸುತ್ತಿಗೆ ಹೋಗುವ 'ಚಾಯ್ಸ್ 3', ಪೂರ್ತಿ ಹೊರನಡೆಯುವ 'ಚಾಯ್ಸ್ 4', ಇವನ್ನು ಏಳನೇ ಕ್ಲಾಸು ಓದಿದ ತಾಯಂದಿರೂ ಬಿಡಿಸಿ ಹೇಳಬಲ್ಲರು.

ಅದೇ ಮನೆಯಲ್ಲಿ 'ಇಂಟರ್ನಲ್ಸ್' ಎಂದರೇನು, ಹಾಜರಿ ಕಡಿಮೆಯಾದರೆ ಏನಾಗುತ್ತದೆ, ಪಾಠ ಅರ್ಥವಾಗದಿದ್ದರೆ ಯಾರನ್ನು ಹೋಗಿ ಕಾಣಬೇಕು ಎಂದು ಕೇಳಿ. ಉತ್ತರ ಸಿಗುವುದಿಲ್ಲ. ಅವರ ತಪ್ಪೇನಿಲ್ಲ, ಅವರು ಕಾಲೇಜಿನ ಒಳಗೆ ಹೋದವರಲ್ಲ.

ಅಪ್ಪ ಅಮ್ಮ ಕಾಲೇಜು ಓದಿದ ಮನೆಯಲ್ಲಿ ಈ ತಿಳಿವಳಿಕೆ ಯಾರೂ ಕೂರಿಸಿ ಹೇಳದೆ ಮಕ್ಕಳಿಗೆ ಬಂದಿರುತ್ತದೆ. ಊಟದ ಹೊತ್ತಿನ ಮಾತಿನಲ್ಲಿ, ಚಿಕ್ಕಪ್ಪನ ಹಾಸ್ಟೆಲ್ ಕಥೆಗಳಲ್ಲಿ, ಅಕ್ಕನ ಲ್ಯಾಬ್ ರೆಕಾರ್ಡಿನಲ್ಲಿ ಅದು ಸಿಕ್ಕಿರುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಈ ಆಸ್ತಿ ಬಂದಿರುವುದಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ. ಫಲಿತಾಂಶ ಬಂದಾಗ ನಾವು ಒಬ್ಬರನ್ನು ಜಾಣ ಎನ್ನುತ್ತೇವೆ, ಇನ್ನೊಬ್ಬರಿಗೆ "ಬೇಸ್ ಇಲ್ಲ" ಎನ್ನುತ್ತೇವೆ. ನನಗೆ ಈ ಎರಡನೇ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಹೇಳಿಕೊಡದ್ದನ್ನು ಕಲಿಯಲಿಲ್ಲ ಎಂದು ದೂರುವುದು ಅನ್ಯಾಯ.

ಗಂಟೆ ನಿಂತ ಮೇಲೆ

ಪಿಯುಸಿ ಎರಡು ವರ್ಷ ವಿದ್ಯಾರ್ಥಿಯ ದಿನವನ್ನು ಬೇರೆಯವರು ನಡೆಸುತ್ತಾರೆ. ವಸತಿ ಪಿಯು ಕಾಲೇಜುಗಳಲ್ಲಂತೂ ಬೆಳಗಿನ ಐದಕ್ಕೆ ಎಬ್ಬಿಸುವುದರಿಂದ ರಾತ್ರಿ ದೀಪ ಆರಿಸುವವರೆಗೆ ಎಲ್ಲಕ್ಕೂ ಗಂಟೆ ಇರುತ್ತದೆ. ಯಾವ ಅಧ್ಯಾಯಕ್ಕೆ ಎಷ್ಟು ಅಂಕ ಎಂಬ ನೀಲನಕ್ಷೆ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ವಾರದ ಪರೀಕ್ಷೆ, ಕಡಿಮೆ ಅಂಕ ಬಂದರೆ ಮನೆಗೆ ಫೋನು.

ಕಾಲೇಜಿಗೆ ಬಂದ ದಿನ ಇವೆಲ್ಲ ಒಟ್ಟಿಗೆ ನಿಲ್ಲುತ್ತವೆ. ಸಂಜೆ ನಾಲ್ಕೂವರೆಗೆ ತರಗತಿ ಮುಗಿದರೆ ಮರುದಿನ ಬೆಳಗಿನವರೆಗೆ ಯಾರೂ ಕೇಳುವವರಿಲ್ಲ. ಹದಿನೆಂಟರ ವಯಸ್ಸಿಗೆ ಇದು ಬಿಡುಗಡೆಯಂತೆ ಕಾಣುತ್ತದೆ, ಕಾಣಲೂಬೇಕು. ತೊಂದರೆ ಬರುವುದು ಸಮಯ ಬಿಡುವಿದ್ದಂತೆ ಕಾಣುತ್ತಾ ಒಳಗೊಳಗೇ ಓಡುತ್ತಿರುವುದರಿಂದ.

ಲೆಕ್ಕ ನೋಡಿ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಈಗಿನ ಪದ್ಧತಿಯಲ್ಲಿ ಒಂದು ವಿಷಯದ 100 ಅಂಕದಲ್ಲಿ 50 ಅಂಕ ಸೆಮಿಸ್ಟರ್ ಕೊನೆಯ ಪರೀಕ್ಷೆಗೆ, ಇನ್ನುಳಿದ 50 ತರಗತಿ ನಡೆಯುತ್ತಿರುವಾಗಲೇ ಬರುವ ಕಿರುಪರೀಕ್ಷೆ ಮತ್ತು ಅಸೈನ್‌ಮೆಂಟುಗಳಿಗೆ. ಈ ಆಂತರಿಕ 50ರಲ್ಲಿ 20 ಬರದಿದ್ದರೆ ಕೊನೆಯ ಪರೀಕ್ಷೆಗೆ ಕೂರಲಾಗದು. ಹಾಜರಿ ಶೇ 85 ಇರಬೇಕು. ಸಾಮಾನ್ಯ ಪದವಿ ಕಾಲೇಜುಗಳಲ್ಲಿ ಹಾಜರಿಯ ಗೆರೆ ಶೇ 75.

ಶಾಲೆಯಿಂದ ಬಂದ ರೂಢಿ ಬೇರೆ: ವರ್ಷವಿಡೀ ಹೇಗೋ ನಡೆಯಲಿ, ಮಾರ್ಚಿನಲ್ಲಿ ಕೂತು ಓದಿದರಾಯಿತು. ಆ ರೂಢಿಯಲ್ಲಿ ಬಂದವರಿಗೆ ಮೊದಲ ಇಂಟರ್ನಲ್ ತಮಾಷೆಯ ಟೆಸ್ಟಿನಂತೆ ಕಾಣುತ್ತದೆ. ಅದು ಅಂತಿಮ ಅಂಕಪಟ್ಟಿಗೆ ಸೇರುವ ಪರೀಕ್ಷೆ ಎಂದು ತಿಳಿಯುವ ಹೊತ್ತಿಗೆ ಎರಡನೆಯದೂ ಮುಗಿದಿರುತ್ತದೆ.

ತಡವಾಗಿ ಬರುವವರು

ಇಲ್ಲಿ ಹೆಚ್ಚು ಮಾತಿಗೆ ಬರದ ಒಂದು ಸಂಗತಿ ಇದೆ. ಸೀಟು ಹಂಚಿಕೆ ಒಂದೇ ದಿನ ಮುಗಿಯುವುದಿಲ್ಲ, ಸುತ್ತು ಸುತ್ತಾಗಿ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಬೇಕಾದ ಸೀಟು ಸಿಕ್ಕವರು ನಿರಾಳವಾಗಿ ಕಾಲೇಜು ಸೇರಿ, ಹಾಸ್ಟೆಲ್ ಹಿಡಿದು, ಪುಸ್ತಕ ಕೊಳ್ಳುತ್ತಾರೆ. ಒಳ್ಳೆಯ ಬ್ರಾಂಚಿಗಾಗಿ ಅಥವಾ ಕಡಿಮೆ ಫೀಸಿನ ಕಾಲೇಜಿಗಾಗಿ ಕಾದವರು ಕೊನೆಯ ಸುತ್ತಿನಲ್ಲಿ ಬರುತ್ತಾರೆ. ಅಷ್ಟು ಹೊತ್ತಿಗೆ ಅನೇಕ ಕಡೆ ತರಗತಿ ಶುರುವಾಗಿ ವಾರಗಳಾಗಿರುತ್ತವೆ.

ಫೀಸಿನ ವ್ಯತ್ಯಾಸಕ್ಕಾಗಿ ಕಾಯುವ ಮನೆಗಳು ಸಾಮಾನ್ಯವಾಗಿ ಕೈಯಲ್ಲಿ ಕಾಸು ಕಡಿಮೆ ಇರುವ ಮನೆಗಳು. ಹಾಗಾಗಿ ದಾರಿ ತೋರಿಸುವವರು ಯಾರಿಗೆ ಹೆಚ್ಚು ಬೇಕಿತ್ತೋ ಅವರೇ ಪರಿಚಯ ಕಾರ್ಯಕ್ರಮ ಮುಗಿದ ಮೇಲೆ ಬಂದಿಳಿಯುತ್ತಾರೆ. ಪಕ್ಕದವರು ಆಗಲೇ ಗೆಳೆಯರಾಗಿದ್ದಾರೆ, ವಾಟ್ಸ್‌ಆ್ಯಪ್ ಗುಂಪುಗಳು ಆಗಿವೆ, ಲ್ಯಾಬಿನ ತಂಡಗಳು ಹಂಚಿಹೋಗಿವೆ, ಮೊದಲ ಇಂಟರ್ನಲ್‌ಗೆ ಕೆಲವೇ ದಿನ ಬಾಕಿ. ಯಾರ ನೋಟ್ಸ್ ಕೇಳಬೇಕು ಎಂಬುದೇ ತಿಳಿಯದ ಸ್ಥಿತಿ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರುವವರ ಪಾಡೂ ಇದೇ. ಕೈಕೆಲಸದಲ್ಲಿ ಅವರು ಎಲ್ಲರಿಗಿಂತ ಮುಂದು, ಗಣಿತದಲ್ಲಿ ಒಂದು ವರ್ಷ ಹಿಂದು.

ಹೊಸಬರನ್ನು ಒಳಗೆ ಕರೆದುಕೊಳ್ಳಲು ನಿಯಮಗಳೇನೂ ಕಡಿಮೆ ಇಲ್ಲ. ಗಾಂಧಿನಗರದ ಐಐಟಿ 2011ರಲ್ಲೇ ಹೊಸ ವಿದ್ಯಾರ್ಥಿಗಳಿಗೆ ಐದು ವಾರಗಳ ಅಡಿಪಾಯ ಕಾರ್ಯಕ್ರಮ ಶುರು ಮಾಡಿತು. ಅಂಥ ಅನುಭವಗಳ ಆಧಾರದಲ್ಲಿ ಎಐಸಿಟಿಇ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಿಗೂ ಮೂರು ವಾರಗಳ ಪರಿಚಯ ಕಾರ್ಯಕ್ರಮ ಗೊತ್ತುಮಾಡಿತು. ಯುಜಿಸಿ 2019ರಲ್ಲಿ 'ದೀಕ್ಷಾರಂಭ' ಎಂಬ ಹೆಸರಿನಲ್ಲಿ ಎಲ್ಲ ಪದವಿ ಕಾಲೇಜುಗಳಿಗೂ ಮಾರ್ಗಸೂಚಿ ಕೊಟ್ಟಿತು. ಊರು ಸುತ್ತಿಸುವುದು, ಹಿರಿಯ ವಿದ್ಯಾರ್ಥಿಗಳ ಜೊತೆ ಸಣ್ಣ ಗುಂಪುಗಳಲ್ಲಿ ಕೂರಿಸುವುದು, ಕಲೆ, ಆಟ, ಓದಿನ ರೀತಿ, ಇವೆಲ್ಲ ಅದರಲ್ಲಿವೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅನೇಕ ಕಾಲೇಜುಗಳಲ್ಲಿ ಅದು ದೀಪ ಬೆಳಗಿ, ಮುಖ್ಯ ಅತಿಥಿಗಳ ಭಾಷಣ ಕೇಳಿಸಿ, ಊಟ ಹಾಕುವ ಒಂದು ದಿನದ ಸಮಾರಂಭವಾಗಿ ಮುಗಿಯುತ್ತದೆ. ಕೊನೆಯ ಸುತ್ತಿನವರಿಗಾಗಿ ಅದನ್ನು ಎರಡನೇ ಸಲ, ಸಣ್ಣದಾಗಿಯಾದರೂ, ನಡೆಸುವ ಕಾಲೇಜುಗಳು ಬಹಳ ವಿರಳ. ಒಂದು ಕೊಠಡಿ, ಇಬ್ಬರು ಅಧ್ಯಾಪಕರು, ನಾಲ್ಕು ಹಿರಿಯ ವಿದ್ಯಾರ್ಥಿಗಳು ಸಾಕು. ಖರ್ಚಿಲ್ಲದ ಈ ಕೆಲಸವನ್ನು ಮಾಡದಿರಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಇಂಗ್ಲಿಷಿನ ಭಯ

ಕನ್ನಡ ಮಾಧ್ಯಮದಿಂದ ಬಂದವರನ್ನು ಕೇಳಿದರೆ ಮೊದಲು ಬರುವ ಉತ್ತರ "ಇಂಗ್ಲಿಷ್" ಎಂದೇ. ಆದರೆ ಈ ಭಯವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ವಿಜ್ಞಾನ ಓದುವವರಿಗೆ ಈ ಪೆಟ್ಟು ಬೀಳುವುದು ಪದವಿಯಲ್ಲಿ ಅಲ್ಲ, ಎಸ್ಸೆಸ್ಸೆಲ್ಸಿ ಮುಗಿಸಿ ಫಸ್ಟ್ ಪಿಯುಗೆ ಬಂದ ಜೂನ್ ತಿಂಗಳಲ್ಲಿ. ಹತ್ತು ವರ್ಷ ಕನ್ನಡದಲ್ಲಿ ಕಲಿತದ್ದೆಲ್ಲ ಒಂದೇ ಬೇಸಿಗೆಯಲ್ಲಿ ಬೇರೆ ಹೆಸರು ಹೊತ್ತು ನಿಲ್ಲುತ್ತದೆ. ವೇಗೋತ್ಕರ್ಷದ ಲೆಕ್ಕ ಸಲೀಸಾಗಿ ಮಾಡುತ್ತಿದ್ದ ಹುಡುಗಿಗೆ 'ಆ್ಯಕ್ಸಲರೇಷನ್' ಎಂದಾಗ ಅದು ತನಗೆ ಗೊತ್ತಿರುವ ವಿಷಯವೇ ಎಂದು ತಿಳಿಯುವುದಿಲ್ಲ. ಅವಳು ಕಳೆದುಕೊಂಡದ್ದು ಹೆಸರನ್ನು ಮಾತ್ರ, ವಿಷಯ ಅವಳ ತಲೆಯಲ್ಲಿ ಹಾಗೇ ಇದೆ. ಇದನ್ನು ಮೊದಲ ವಾರದಲ್ಲೇ ಹೇಳಿ, ಒಂದೊಂದು ವಿಷಯಕ್ಕೂ ಎರಡು ಭಾಷೆಯ ಪದಗಳನ್ನು ಅಕ್ಕಪಕ್ಕ ಬರೆಸಿದರೆ ದೊಡ್ಡ ಭಾರ ಇಳಿಯುತ್ತದೆ. ಹತ್ತನೇ ತರಗತಿಯ ಕನ್ನಡ ಪಠ್ಯವನ್ನೂ ಅದರ ಇಂಗ್ಲಿಷ್ ಆವೃತ್ತಿಯನ್ನೂ ಒಟ್ಟಿಗೆ ತೆರೆದಿಟ್ಟುಕೊಂಡು ಒಂದು ತಿಂಗಳು ಓದುವುದು ನನಗೆ ಗೊತ್ತಿರುವ ಅತ್ಯುತ್ತಮ ಉಪಾಯ. ಸರ್ಕಾರದ ಪುಸ್ತಕಗಳು ಎರಡೂ ಭಾಷೆಯಲ್ಲಿವೆ, ಅಧ್ಯಾಯಗಳೂ ಚಿತ್ರಗಳೂ ಅವೇ.

ಕಲಾ ವಿಭಾಗದಲ್ಲಿ ಪಿಯುಸಿ ಓದಿ ಬಿ.ಎ. ಸೇರಿದವರಿಗೆ ಇತಿಹಾಸ, ರಾಜ್ಯಶಾಸ್ತ್ರದಂಥ ವಿಷಯಗಳನ್ನು ಸರ್ಕಾರಿ ಕಾಲೇಜುಗಳಲ್ಲಿ ಕನ್ನಡದಲ್ಲೇ ಓದಿ ಬರೆಯುವ ಅವಕಾಶ ಸಾಮಾನ್ಯವಾಗಿ ಇದ್ದೇ ಇದೆ. ಪದವಿಯಲ್ಲಿ ಭಾಷೆಯ ಪೆಟ್ಟು ಹೆಚ್ಚು ಬೀಳುವುದು ಕನ್ನಡದಲ್ಲಿ ಪಿಯುಸಿ ಮುಗಿಸಿ ಬಿ.ಸಿ.ಎ.ಗೋ ಬಿ.ಬಿ.ಎ.ಗೋ ಬಂದವರಿಗೆ.

ಇನ್ನು ಮಾತಾಡುವ ಇಂಗ್ಲಿಷ್. ಅದರ ಭಯ ಕಲಿಕೆಗಿಂತ ನಾಚಿಕೆಗೆ ಸೇರಿದ್ದು. ತಪ್ಪಾದರೆ ನಗುತ್ತಾರೆಂದು ಹೆದರಿ ಸುಮ್ಮನೆ ಕೂತವರು ಪ್ರಶ್ನೆ ಕೇಳುವುದನ್ನೇ ಬಿಡುತ್ತಾರೆ, ಅದರ ನಷ್ಟ ವ್ಯಾಕರಣದ ತಪ್ಪಿಗಿಂತ ನೂರು ಪಟ್ಟು. ಕರ್ನಾಟಕದ ಕಾಲೇಜಿನಲ್ಲಿ ಪಾಠ ಮಾಡುವ ಬಹುಪಾಲು ಅಧ್ಯಾಪಕರಿಗೆ ಕನ್ನಡ ಬರುತ್ತದೆ. ತರಗತಿ ಮುಗಿದ ಮೇಲೆ ಅವರ ಕೊಠಡಿಗೆ ಹೋಗಿ "ಸರ್, ಇದು ಅರ್ಥ ಆಗ್ಲಿಲ್ಲ" ಎಂದು ಕನ್ನಡದಲ್ಲೇ ಕೇಳಬಹುದು. ಹಾಗೆ ಹೋಗಬಹುದು ಎಂಬುದೂ ಅನೇಕರಿಗೆ ತಿಳಿದಿಲ್ಲ. ಶಾಲೆಯಲ್ಲಿ ಸ್ಟಾಫ್ ರೂಮಿಗೆ ಕರೆಸುತ್ತಿದ್ದುದು ಬೈಯಲು ಮಾತ್ರ.

ವಾರಾನ್ನದಿಂದ ಹಾಸ್ಟೆಲ್‌ವರೆಗೆ

ಹಳ್ಳಿಯ ಹುಡುಗರು ಓದಲೆಂದು ಪಟ್ಟಣಕ್ಕೆ ಬರುವುದು ಇಂದು ನಿನ್ನೆಯದಲ್ಲ. ಹಿಂದೆ ಬಡ ಹುಡುಗರು ವಾರಾನ್ನ ಮಾಡಿಕೊಂಡು ಓದುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಏರ್ಪಾಡು ಎಲ್ಲ ಜಾತಿಯವರಿಗೂ ಸಿಗುತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸಮುದಾಯಗಳ ವಿದ್ಯಾರ್ಥಿನಿಲಯಗಳೂ ಮಠಗಳ ಪ್ರಸಾದ ನಿಲಯಗಳೂ ಎದ್ದು ನಿಂತ ಮೇಲೆ ಬಾಗಿಲು ಅಗಲವಾಯಿತು. ತುಮಕೂರಿನ ಸಿದ್ಧಗಂಗೆ, ಧಾರವಾಡದ ಮುರುಘಾಮಠ ಅನ್ನ ಹಾಕಿ ಓದಿಸಿದ ತಲೆಮಾರುಗಳು ಎಷ್ಟೋ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗನೊಬ್ಬ 1935ರಲ್ಲಿ ಬಸ್ಸಿಗೆ ಕಾಸಿಲ್ಲದೆ ನಡೆದೇ ಬೆಂಗಳೂರು ಸೇರಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ದಾಖಲಾಗಿ, ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಉಳಿದು ಓದಿದ. ಅವರೇ ಎಚ್. ನರಸಿಂಹಯ್ಯ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಆದರೂ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯನ್ನೇ ಮನೆ ಮಾಡಿಕೊಂಡು ಬದುಕಿದರು. 1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರ ಹಿಂದುಳಿದ ವರ್ಗಗಳ ಹಾಸ್ಟೆಲುಗಳನ್ನು ಹಬ್ಬಿಸಿತು. ಸರ್ಕಾರಿ ಹಾಸ್ಟೆಲ್ ದಲಿತ ಹುಡುಗನೊಬ್ಬನಿಗೆ ಏನಾಗಿತ್ತು ಎಂಬುದನ್ನು ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ' ಓದಿದವರು ಬಲ್ಲರು.

ಈ ನಿಲಯಗಳು ಕೊಟ್ಟದ್ದು ಅನ್ನ ಮತ್ತು ಚಾಪೆ ಮಾತ್ರವೇ? ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಪ್ರತಿ ಹೊಸ ಹುಡುಗನಿಗೂ ಮೇಲಿನ ತರಗತಿಯ ಅಣ್ಣನೊಬ್ಬ ಸಿಗುತ್ತಿದ್ದ. ಯಾವ ಮೇಷ್ಟ್ರು ಹೇಗೆ, ಯಾವ ಪುಸ್ತಕ ಗ್ರಂಥಾಲಯದ ಯಾವ ಕಪಾಟಿನಲ್ಲಿದೆ, ಫೀ ಮಾಫಿಗೆ ಯಾರಿಗೆ ಅರ್ಜಿ ಬರೆಯಬೇಕು ಎಂಬುದೆಲ್ಲ ರಾತ್ರಿ ಊಟದ ಪಂಕ್ತಿಯಲ್ಲಿ ಕೈದಾಟುತ್ತಿತ್ತು. ಮನೆಯಲ್ಲಿ ಸಿಗದ ಆಸ್ತಿ ಅಲ್ಲಿ ಸಿಗುತ್ತಿತ್ತು.

ಇಂದು ಆ ಸರಪಳಿಯ ಕೊಂಡಿ ಸಡಿಲವಾಗಿದೆ. ಬಿಸಿಎಂ ಹಾಸ್ಟೆಲಿಗೂ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿಗೂ ಅರ್ಜಿ ಆನ್‌ಲೈನ್‌ನಲ್ಲಿ, ಕಾಲೇಜು ಪ್ರವೇಶ ಆದ ಮೇಲೆ. ಪಟ್ಟಿ ಬರುವವರೆಗಿನ ವಾರಗಳನ್ನು ನೆಂಟರ ಮನೆಯಲ್ಲೋ ಪಿಜಿಯಲ್ಲೋ ದೂಡಬೇಕು. ಹಾಸ್ಟೆಲ್ ಸೀಟು ಸಿಗದವರಿಗೆ ವಿದ್ಯಾಸಿರಿ ಯೋಜನೆ ಹತ್ತು ತಿಂಗಳು ಒಂದಿಷ್ಟು ಹಣ ಕೊಡುತ್ತದೆ. ಇದು ದೊಡ್ಡ ಆಸರೆಯೇ, ಆದರೆ ಬೆಂಗಳೂರಿನ ಪಿಜಿ ಬಾಡಿಗೆಗೆ ಸಾಲದು. ಪಿಜಿಯ ಕೋಣೆಯಲ್ಲಿ ನಾಲ್ವರು ನಾಲ್ಕು ಕಾಲೇಜಿನವರು, ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯಲು ವಾರ ಬೇಕು. ಧಾರವಾಡದ ಸಪ್ತಾಪುರದಂಥ ಕಡೆ ಇನ್ನೂ ಖಾನಾವಳಿಯ ತಿಂಗಳ ಊಟದ ಮೇಜಿನಲ್ಲಿ ಹಳೆಯ ಮಾತುಕತೆ ಉಳಿದಿದೆ.

ದಿನವೂ ಊರಿಂದ ಬಸ್ಸಿನಲ್ಲಿ ಓಡಾಡುವವರ ಕಥೆ ಬೇರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ. ಆದರೆ ಬೆಳಗಿನ ಏಳರ ಬಸ್ಸು ಹಿಡಿದು ಬಂದು ಸಂಜೆಯ ಬಸ್ಸಿಗೆ ಓಡುವ ಹುಡುಗಿಗೆ ಗ್ರಂಥಾಲಯ, ಎನ್ಎಸ್ಎಸ್, ನಾಟಕದ ತಾಲೀಮು ಇವೆಲ್ಲ ಕೈಗೆಟುಕದೇ ಉಳಿಯುತ್ತವೆ. ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡು ವೇಳಾಪಟ್ಟಿ ಮಾಡುವ ಪ್ರಾಂಶುಪಾಲರೂ ಇದ್ದಾರೆ. ಅಂಥವರಿಗೆ ನಮಸ್ಕಾರ ಸಲ್ಲಬೇಕು.

ಒಂದು ಇನಿಷಿಯಲ್ ತಪ್ಪಿದರೆ

ಕಾಲೇಜಿಗೆ ಬಂದ ವಿದ್ಯಾರ್ಥಿ ತನ್ನ ವಿಷಯಗಳ ಜೊತೆಗೆ ಕಲಿಯಬೇಕಾದ ಇನ್ನೊಂದು ವಿಷಯವಿದೆ, ಅರ್ಜಿ ತುಂಬುವುದು. ಪ್ರವೇಶಕ್ಕೂ ಪರೀಕ್ಷೆಗೂ ಯುಯುಸಿಎಂಎಸ್, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಹಾಸ್ಟೆಲಿಗೆ ಇನ್ನೊಂದು ಜಾಲತಾಣ, ಜಾತಿ ಮತ್ತು ಆದಾಯ ಪತ್ರಕ್ಕೆ ನಾಡಕಚೇರಿ. ಆ ಪತ್ರದ ಆರ್‌.ಡಿ. ಸಂಖ್ಯೆ ಎಲ್ಲ ಕಡೆಯೂ ಬೇಕು.

ತೊಡಕು ಸಾಮಾನ್ಯವಾಗಿ ಹೆಸರಿನಲ್ಲಿ ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಬ್ಯಾಂಕಿನಲ್ಲಿ ಇಲ್ಲವೇ ಇಲ್ಲ. ಅಷ್ಟಕ್ಕೇ ಅರ್ಜಿ ನಿಂತುಬಿಡುತ್ತದೆ. ಇನ್ನೊಂದು, ವಿದ್ಯಾರ್ಥಿವೇತನದ ಹಣ ಬರುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ. ಮೂರು ಖಾತೆ ಇದ್ದರೆ ಯಾವುದಕ್ಕೆ ಜೋಡಣೆಯಾಗಿದೆಯೋ ಅದಕ್ಕೇ. ಹಣ ಬಂದೇ ಇಲ್ಲ ಎಂದು ವರ್ಷವಿಡೀ ಕಾದವರ ದುಡ್ಡು ಮರೆತುಹೋದ ಹಳೆಯ ಖಾತೆಯಲ್ಲಿ ಬಿದ್ದಿರುವುದುಂಟು. ಇವನ್ನು ಮೇ ತಿಂಗಳಲ್ಲೇ ಕೂತು ಸರಿ ಮಾಡಿಕೊಳ್ಳಬಹುದು. ಸೆಪ್ಟೆಂಬರ್‌ನಲ್ಲಿ ಮಾಡಹೊರಟರೆ ಪ್ರತಿ ತಿದ್ದುಪಡಿಗೂ ಊರಿಗೆ ಒಂದು ಪ್ರಯಾಣ, ಹಾಜರಿಯಲ್ಲಿ ಒಂದು ದಿನ ಖೋತಾ.

ಅಕ್ಕನ ಅನುಭವ ತಮ್ಮನಿಗೆ ನೆರವಾಗದಂಥ ಕಾಲವೂ ಇದು. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿ ನಾಲ್ಕು ವರ್ಷಕ್ಕೆ ಚಾಚಿತು. 2024–25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಒಂದೇ ಮನೆಯ ಇಬ್ಬರು ಒಂದೇ ಕಾಲೇಜಿನಲ್ಲಿ ಬೇರೆ ಬೇರೆ ನಿಯಮಗಳಲ್ಲಿ ಓದಿದ್ದಾರೆ. ಹಾಗಾಗಿ ಹಿರಿಯರ ಮಾತು ಕೇಳಿ, ಆದರೆ ಈ ವರ್ಷದ ಪಠ್ಯಕ್ರಮದ ಪ್ರತಿಯನ್ನು ಕಾಲೇಜಿನಿಂದಲೇ ಪಡೆಯಿರಿ.

ಕೈಗೆ ಬಂದ ದುಡ್ಡು

ತಿಂಗಳ ಖರ್ಚಿನ ಹಣವನ್ನು ಮೊದಲ ಸಲ ತಾವೇ ಹಿಡಿಯುವ ವಯಸ್ಸು ಇದು. ಮಿತವಾಗಿ ಖರ್ಚು ಮಾಡುವುದನ್ನು ಹಳ್ಳಿಯ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಹೇಳಬೇಕಾದ್ದು ಹೊಸ ಅಪಾಯಗಳನ್ನು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ತಂದು ನಿಷೇಧಿಸಿದೆ. ಹತ್ತು ನಿಮಿಷದಲ್ಲಿ ಸಾಲ ಕೊಟ್ಟು, ಫೋನಿನಲ್ಲಿರುವ ಹೆಸರುಗಳಿಗೆಲ್ಲ ಕರೆ ಮಾಡಿ ಮಾನ ಹರಾಜು ಹಾಕುವ ಆ್ಯಪ್‌ಗಳ ಕಾಟ ಇನ್ನೂ ಇದೆ.

ಇವೆರಡಕ್ಕಿಂತ ಕೆಟ್ಟದ್ದು ಖಾತೆ ಬಾಡಿಗೆ. "ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು, ಸಿಮ್ ಕೊಡು, ತಿಂಗಳಿಗೆ ಇಷ್ಟು ಸಾವಿರ ಕೊಡುತ್ತೇವೆ" ಎಂದು ಪರಿಚಯದವರ ಮೂಲಕವೇ ಬರುತ್ತಾರೆ. ಆ ಖಾತೆಯ ಮೂಲಕ ಸೈಬರ್ ವಂಚನೆಯ ಹಣ ಹರಿಯುತ್ತದೆ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ಖಾತೆಯ ಒಡೆಯನನ್ನು. ಬಸ್ಸು ಹತ್ತಿಸುವ ಮುನ್ನ ಪ್ರತಿ ಅಪ್ಪ ಅಮ್ಮ ಮಕ್ಕಳಿಗೆ ಈ ಒಂದು ಮಾತು ಹೇಳಲೇಬೇಕು.

"ರ‍್ಯಾಂಕ್ ಎಷ್ಟು?"

ರ‍್ಯಾಗಿಂಗ್ ಎಂದರೆ ಹೊಡೆತ ಬಡಿತ ಎಂದಷ್ಟೇ ಅನೇಕರು ತಿಳಿದಿದ್ದಾರೆ. 2009ರ ಯುಜಿಸಿ ನಿಯಮಗಳು ಅದಕ್ಕಿಂತ ಅಗಲವಾಗಿವೆ. 2016ರ ತಿದ್ದುಪಡಿಯ ನಂತರ ಜಾತಿ, ಬಣ್ಣ, ರೂಪ, ಊರು, ಆಡುವ ಭಾಷೆ ಇವುಗಳ ಆಧಾರದಲ್ಲಿ ಒಬ್ಬರನ್ನು ಹೀಯಾಳಿಸುವುದೂ ರ‍್ಯಾಗಿಂಗ್ ಆಗುತ್ತದೆ. ಬೆಂಗಳೂರು, ಮೈಸೂರಿನ ಕಾಲೇಜುಗಳಿಗೆ ಬರುವ ರಾಯಚೂರು, ವಿಜಯಪುರ, ಬೀದರಿನ ಮಕ್ಕಳು ಇದನ್ನು ತಿಳಿದಿರಬೇಕು. ಅವರ "ಹೌದ್ರೀ", "ಯಾಕ್ರೀ" ಕೇಳಿ ನಗುವುದನ್ನು ಇಲ್ಲಿ ಹಲವರು ತಪ್ಪೆಂದೇ ಭಾವಿಸಿಲ್ಲ. ದಿನವೂ ನಗೆಗೆ ಗುರಿಯಾದವರು ಮಾತಾಡುವುದನ್ನೇ ನಿಲ್ಲಿಸುತ್ತಾರೆ.

ಇನ್ನೊಂದು ಮೃದುವಾಗಿ ಕೇಳುವ ಕ್ರೂರ ಪ್ರಶ್ನೆ ಇದೆ: "ನಿನ್ನ ಸಿಇಟಿ ರ‍್ಯಾಂಕ್ ಎಷ್ಟು?" ಮೊದಲ ವಾರದಲ್ಲಿ ಇದನ್ನು ಕೇಳುವವರಲ್ಲಿ ಕೆಲವರು ತಿಳಿಯಬಯಸುವುದು ಅಂಕವನ್ನಲ್ಲ, ಜಾತಿಯನ್ನು. ಉತ್ತರ ಹೇಳಬೇಕಾದ ಕಟ್ಟುಪಾಡು ಯಾರಿಗೂ ಇಲ್ಲ. ಸಂವಿಧಾನದ ಹಕ್ಕಿನಿಂದ ಬಂದ ಸೀಟು ಯಾರ ದಾನವೂ ಅಲ್ಲ. ತರಗತಿಯಲ್ಲಿ ರ‍್ಯಾಂಕ್ ಪಟ್ಟಿ ಓದುವ ಅಧ್ಯಾಪಕರಿದ್ದರೆ ದಯವಿಟ್ಟು ಆ ಪದ್ಧತಿ ನಿಲ್ಲಿಸಲಿ.

ತೊಂದರೆಯಾದರೆ ಕರೆ ಮಾಡಲು ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522 ಇದೆ. ಮನಸ್ಸು ಕುಗ್ಗಿ, ನಿದ್ದೆ ಬಾರದೆ, ಯಾರೊಡನೆಯೂ ಹೇಳಿಕೊಳ್ಳಲಾಗದೆ ಒದ್ದಾಡುವವರಿಗೆ 2022ರಿಂದ ಟೆಲಿ ಮಾನಸ್ 14416 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಎರಡು ಸಂಖ್ಯೆಗಳನ್ನು ಹೊರಡುವ ಮುನ್ನವೇ ಫೋನಿನಲ್ಲಿ ಉಳಿಸಿಕೊಂಡಿರಲಿ.

ಮನೆಯಿಂದ ಬರುವ ಫೋನು

ರಾತ್ರಿ ಎಂಟಕ್ಕೆ ಊರಿಂದ ಫೋನು. "ಊಟ ಆಯ್ತಾ? ಚೆನ್ನಾಗಿ ಓದು. ದುಡ್ಡಿದೆಯಾ?" ಇಲ್ಲಿಂದಲೂ ಮೂರೇ ಉತ್ತರ: ಆಯ್ತು, ಹೂಂ, ಇದೆ. ಎರಡೂ ಕಡೆ ಪ್ರೀತಿ ಇದೆ, ಮಾತು ಮಾತ್ರ ಅಷ್ಟಕ್ಕೇ ನಿಲ್ಲುತ್ತದೆ. ಮೊದಲ ತಿಂಗಳಲ್ಲಿ ಹೆಚ್ಚಿನ ಮಕ್ಕಳಿಗೆ ಮನೆ ನೆನಪಾಗಿ ಅಳು ಬರುತ್ತದೆ, ಅದು ಸಹಜ ಎಂದು ಅವರಿಗೆ ಗೊತ್ತಿರುವುದಿಲ್ಲ. ಅಪ್ಪ ಹೊಲ ಒತ್ತೆಯಿಟ್ಟು ಫೀಸು ಕಟ್ಟಿರುವಾಗ ಪಾಠ ಅರ್ಥವಾಗುತ್ತಿಲ್ಲ ಎಂದು ಹೇಳುವುದಾದರೂ ಹೇಗೆ ಎಂದು ನುಂಗಿಕೊಳ್ಳುತ್ತಾರೆ.

ಪ್ರಶ್ನೆ ಸ್ವಲ್ಪ ಬದಲಾದರೆ ಮಾತು ಹೊರಬರುತ್ತದೆ. "ಇವತ್ತು ಯಾರ ಜೊತೆ ಊಟ ಮಾಡ್ದೆ?" ಎಂದು ಕೇಳಿ. ಉತ್ತರದಲ್ಲಿ ಒಂದು ಹೆಸರು ಬಂದರೆ ಅರ್ಧ ಚಿಂತೆ ಬಿಡಬಹುದು. ವಾರಗಟ್ಟಲೆ ಯಾವ ಹೆಸರೂ ಬರದಿದ್ದರೆ ಒಮ್ಮೆ ಹೋಗಿ ನೋಡಿಕೊಂಡು ಬರುವುದು ಒಳ್ಳೆಯದು.

ಮನೆಯವರಿಗೆ ಮೊದಲೇ ತಿಳಿದಿರಬೇಕಾದ ಇನ್ನೊಂದು ಸಂಗತಿ ಮೊದಲ ಸೆಮಿಸ್ಟರ್ ಫಲಿತಾಂಶದ್ದು. ಪಿಯುಸಿಯಲ್ಲಿ ಶೇ 90 ಬಂದವರಿಗೂ ಇಲ್ಲಿ ಒಂದು ವಿಷಯ ಹೋಗಬಹುದು. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾದರೆ ಮುಂದಿನ ತರಗತಿ ನಿಲ್ಲುತ್ತಿತ್ತು, ಆ ಭಯವೇ ಮನಸ್ಸಿನಲ್ಲಿ ಕೂತಿರುತ್ತದೆ. ಸೆಮಿಸ್ಟರ್ ಪದ್ಧತಿಯಲ್ಲಿ ಹಾಗಿಲ್ಲ. ಆ ವಿಷಯ 'ಬ್ಯಾಕ್' ಉಳಿಯುತ್ತದೆ, ವಿದ್ಯಾರ್ಥಿ ಎರಡನೇ ಸೆಮಿಸ್ಟರ್‌ಗೆ ಹೋಗುತ್ತಾನೆ, ಮುಂದಿನ ಅವಕಾಶದಲ್ಲಿ ಮತ್ತೆ ಬರೆಯುತ್ತಾನೆ. ಇಷ್ಟು ತಿಳಿಯದೆ "ಎಲ್ಲ ಮುಗಿಯಿತು" ಎಂದುಕೊಂಡು ಗಂಟುಮೂಟೆ ಕಟ್ಟಿ ಊರಿಗೆ ಮರಳುವ ಮಕ್ಕಳ ಬಗ್ಗೆ ಯೋಚಿಸಿದರೆ ಎದೆ ಭಾರವಾಗುತ್ತದೆ.

ಏಪ್ರಿಲ್‌ನಿಂದ ಆಗಸ್ಟ್‌ವರೆಗೆ

ಪಿಯುಸಿ ಫಲಿತಾಂಶ ಬರುವುದು ಈಚಿನ ವರ್ಷಗಳಲ್ಲಿ ಏಪ್ರಿಲ್ ಹೊತ್ತಿಗೆ. ವೃತ್ತಿಶಿಕ್ಷಣದ ತರಗತಿ ಶುರುವಾಗಲು ಆಗಸ್ಟ್, ಸೆಪ್ಟೆಂಬರ್ ಆಗುತ್ತದೆ. ನಡುವಿನ ತಿಂಗಳುಗಳೆಲ್ಲ ಮನೆಗಳಲ್ಲಿ ಸೀಟಿನ ಚಿಂತೆಯಲ್ಲೇ ಕಳೆಯುತ್ತವೆ. ಅದೇ ಸಮಯದಲ್ಲಿ ಪ್ರತಿ ತಾಲ್ಲೂಕಿನಲ್ಲೂ ಕಾಲೇಜು ಕಂಡ ನೂರಾರು ಹುಡುಗ ಹುಡುಗಿಯರು ರಜೆಗೆ ಊರಿಗೆ ಬಂದು ಹೋಗುತ್ತಾರೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ, ಬಹಳಷ್ಟು ಕಡೆ ಕಂಪ್ಯೂಟರೂ ಬಂದಿದೆ. ಕೂರಲು ಜಾಗವಿದೆ, ಹೇಳುವವರಿದ್ದಾರೆ, ಕೇಳಬೇಕಾದವರಿದ್ದಾರೆ. ಒಟ್ಟಿಗೆ ಸೇರಿಸುವವರು ಬೇಕು. ಈ ಕೆಲಸಕ್ಕೆ ಪಿಯು ಕಾಲೇಜಿನ ಒಬ್ಬ ಉಪನ್ಯಾಸಕರು ಮನಸ್ಸು ಮಾಡಿದರೆ ಸಾಕು.

ಸಾಮಾನ್ಯವಾಗಿ ಇಂಥ ಸಭೆಗೆ ರ‍್ಯಾಂಕ್ ಬಂದವರನ್ನು ಕರೆದು ಶಾಲು ಹೊದಿಸುತ್ತಾರೆ. ಹೊದಿಸಲಿ, ಅವರು ದುಡಿದು ಗಳಿಸಿದ್ದಾರೆ. ಅವರ ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬರನ್ನೂ ಕೂರಿಸಬೇಕು: ಕೊನೆಯ ಸುತ್ತಿನಲ್ಲಿ ಸೀಟು ಪಡೆದು, ತಡವಾಗಿ ಸೇರಿ, ಮೊದಲ ಸೆಮಿಸ್ಟರ್‌ನಲ್ಲಿ ಒಂದೆರಡು ವಿಷಯ ಬ್ಯಾಕ್ ಉಳಿಸಿಕೊಂಡು, ಮತ್ತೆ ಬರೆದು ಪಾಸಾಗಿ ಈಗ ಮೂರನೇ ವರ್ಷದಲ್ಲಿರುವ ಹುಡುಗಿಯನ್ನೋ ಹುಡುಗನನ್ನೋ. ಮೊದಲ ಇಂಟರ್ನಲ್ ಹೇಗಿರುತ್ತದೆ, ಯಾವ ಮೇಡಂ ಹತ್ತಿರ ಹೋಗಿ ಕನ್ನಡದಲ್ಲಿ ಕೇಳಬಹುದು, ವಿದ್ಯಾರ್ಥಿವೇತನದ ಹಣ ಎಲ್ಲಿ ಸಿಕ್ಕಿಹಾಕಿಕೊಂಡಿತ್ತು, ಬ್ಯಾಕ್ ಉಳಿದ ದಿನ ಮನೆಗೆ ಹೇಗೆ ಹೇಳಿದೆ ಎಂಬುದನ್ನೆಲ್ಲ ತಿಳಿಸಬಲ್ಲವರು ಅವರು. ಮಕ್ಕಳ ಪ್ರಶ್ನೆಗಳಿಗೆ ಎಡೆ ಸಿಗುವಂತೆ, ಆ ಮಾತಿಗೆ ಹೆಚ್ಚು ಹೊತ್ತು ಮೀಸಲಿಡಲಿ.